ಹಗಲು ಮಲಗುವವನ ಕೋಣೆ

ರಾತ್ರಿ ಬಸ್ಸಿನ ಡ್ರೈವರ್‌ಗೆ ಹಗಲೇ ರಾತ್ರಿ. ಊರೆಲ್ಲ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನು ಮನೆಗೆ ಬಂದು ಮಲಗಬೇಕು. ಮಲಗುವುದೇನೋ ಮಲಗುತ್ತಿದ್ದ, ನಿದ್ದೆ ಎಲ್ಲಿ ಬರಬೇಕು? ಬಾಡಿಗೆ ಮನೆ ಕೊನೆಯ ಮಹಡಿಯಲ್ಲಿತ್ತು. ತಲೆಯ ಮೇಲೆ ಕಾದ ಕಾವಲಿಯಂಥ ತಾರಸಿ. ಫ್ಯಾನು ಹಾಕಿದರೆ ಆ ಬಿಸಿಯನ್ನೇ ಬಾಚಿ ಮುಖಕ್ಕೆ ಸುರಿಯುತ್ತಿತ್ತು. ಮಂಚ ಬಿಟ್ಟು ನೆಲಕ್ಕೆ, ನೆಲ ಬಿಟ್ಟು ಬಚ್ಚಲ ಬಾಗಿಲಿಗೆ, ಹೀಗೆ ದಿಂಬು ಹಿಡಿದು ಮನೆಯೆಲ್ಲ ಅಲೆಯುತ್ತಿದ್ದ.

ಕೆಲವು ತಿಂಗಳ ಹಿಂದೆ ಒಂದು ತಿರುವಿನಲ್ಲಿ ಅವನ ಕಣ್ಣು ಮುಚ್ಚಿಹೋಯಿತು. ಕಂಡಕ್ಟರ್ ಕಿರುಚಿ ಭುಜ ಅಲುಗಿಸಿದ್ದಕ್ಕೆ ಬಸ್ಸು ರಸ್ತೆಯ ಮೇಲೇ ಉಳಿಯಿತು. ಹಿಂದೆ ಬಸ್ಸು ತುಂಬ ಜನ ಅವನನ್ನು ನಂಬಿ ಮಲಗಿದ್ದರು. ಆ ಮಾತನ್ನು ಅವನು ಹೇಳಿದ್ದು ಹೆಂಡತಿಗೆ ಮಾತ್ರ. "ಸ್ವಂತ ಮನೆ ಕಟ್ಟೋಣ. ಮೊದಲು ನಿಮಗೆ ನಿದ್ದೆ ಬರೋ ಒಂದು ಕೋಣೆ, ಆಮೇಲೆ ಮಿಕ್ಕಿದ್ದು" ಎಂದಿದ್ದಳು ಅವಳು.

ಸ್ವಂತ ಮನೆ ಈಗ ನೆಲದ ಮೇಲೆ ಸುಣ್ಣದ ಗೆರೆಗಳಲ್ಲಿ ಇತ್ತು. ಮರುದಿನ ಬೆಳಿಗ್ಗೆ ಪಾಯ ತೋಡುವುದು. ನೋಡಿ ಹೋಗಲು ಆ ಮಧ್ಯಾಹ್ನ ಅವನ ತಂಗಿ ಬಂದಳು. ಮನೆಗಳ ನಕ್ಷೆ ಬರೆಯುವುದೇ ಅವಳ ಉದ್ಯೋಗ. ಅಣ್ಣ ಮಾತ್ರ ಅವಳನ್ನು ಒಂದು ಮಾತೂ ಕೇಳದೆ, ಯಾರದೋ ಮನೆಯ ಫೋಟೋ ಮೇಸ್ತ್ರಿಗೆ ತೋರಿಸಿ ಗೆರೆ ಹಾಕಿಸಿಬಿಟ್ಟಿದ್ದ.

"ರೀ, ಗೋಡೆ ದಾಟ್ಕೊಂಡು ಬರ್ತೀರಲ್ಲ! ಬಾಗಿಲು ಆ ಕಡೆ ಇದೆ" ಎಂದು ಹೆಂಡತಿ ಗೆರೆ ತೋರಿಸಿ ಗದರಿದಳು.

ಅವನು ನಗುತ್ತಾ ಮುಂದಿನ ಚೌಕದಲ್ಲಿ ನಿಂತ. "ಇದು ನಾನು ಮಲಗೋ ಕೋಣೆ. ರಸ್ತೆ ಕಡೆಗೆ ನೆಲದಿಂದ ಸೂರಿನ ತನಕ ಬರೀ ಗಾಜು. ನೋಡಿದೋರು ಬಾಯಿ ಬಿಡಬೇಕು."

"ರಸ್ತೆ ಯಾವ ದಿಕ್ಕಣ್ಣ?" ತಂಗಿ ಕೇಳಿದಳು.

"ಪಶ್ಚಿಮ. ಸೂರ್ಯ ಮುಳುಗೋದು ಮಂಚದಿಂದಾನೇ ಕಾಣುತ್ತೆ."

"ಮುಳುಗೋ ಮುಂಚೆ ನಿನ್ನನ್ನ ಹುರಿದು ಹೋಗ್ತಾನೆ."

"ಶುರುವಾಯ್ತು ಇವಳ ಪಾಠ! ಎ.ಸಿ. ಹಾಕಿಸ್ತೀನಿ ಕಣೇ."

"ಸೆಖೆ ಜಾಸ್ತಿ ಆದ ದಿನಾನೇ ಕರೆಂಟ್ ಕೈಕೊಡೋದು. ಆಗ ಆ ಗಾಜಿನ ಪೆಟ್ಟಿಗೇಲಿ ಏನ್ ಮಾಡ್ತೀಯ?"

"ದಪ್ಪನೆ ಪರದೆ ಎಳ್ಕೊಂಡು ಮಲಗ್ತೀನಿ."

ತಂಗಿ ವಾದಕ್ಕೆ ಇಳಿಯಲಿಲ್ಲ. ಇಟ್ಟಿಗೆ ರಾಶಿಯ ನೆರಳಿನಲ್ಲಿ ಕುಳಿತಳು. "ಅದಿರ್ಲಿ. ಮುಂಚೆ ಹಗಲು ಡ್ಯೂಟಿ ಮಾಡ್ತಿದ್ದೆಯಲ್ಲ, ಮಧ್ಯಾಹ್ನದ ಮೇಲೆ ಉತ್ತರಕ್ಕೆ ಹೋಗೋ ಬಸ್ಸಲ್ಲಿ ಯಾವ ಸೀಟು ಮೊದಲು ತುಂಬ್ತಿತ್ತು?"

ಇದು ಅವನ ವಿಷಯ. ಅವನ ಎದೆ ಉಬ್ಬಿತು. "ಬಲಗಡೇದು. ಅದೇನು ಕೇಳೋ ಮಾತಾ? ಎಡಗಡೆ ಪೂರ್ತಿ ಪಶ್ಚಿಮದ ಬಿಸಿಲು. ಬಲಗಡೆ ಒಂದು ಸೀಟಿಗೆ ಮೂರು ಜನ, ಎಡಗಡೆ ಸೀಟು ಖಾಲಿ ಬಿದ್ದಿರುತ್ತೆ."

"ಎಡಗಡೇನೂ ಪರದೆ ಇರುತ್ತಲ್ಲ?"

"ಅಯ್ಯೋ ಪೆದ್ದಿ, ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಪರದೆ ಏನ್ ಮಾಡುತ್ತೆ? ಪರದೇನೇ ಕಾದು ಮೈಮೇಲೆ ಬಿಸಿ ಊದುತ್ತೆ. ಹೊರಗಡೇನೇ ತಡೀಬೇಕು. ಮರದ ಕೆಳಗೆ ನಿಲ್ಲಿಸಿದ ಬಸ್ಸು..."

ಮಾತು ಅರ್ಧಕ್ಕೆ ನಿಂತಿತು.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಇಷ್ಟೆಲ್ಲ ಗೊತ್ತಿದ್ದೂ ನಿಮ್ಮ ಮಂಚ ಮಾತ್ರ ಎಡಗಡೆ ಸೀಟಿಗೆ ಹಾಕಿಸ್ತಿದ್ದೀರಿ!"

"ಬಸ್ಸಾದ್ರೂ ಮುಂದಿನ ತಿರುವಲ್ಲಿ ತಿರುಗುತ್ತೆ. ಮನೆ ತಿರುಗಲ್ಲ ಅಣ್ಣ" ಎಂದಳು ತಂಗಿ.

"ಆದ್ರೂ ಮುಂಭಾಗ ಚೆನ್ನಾಗಿ ಕಾಣಬೇಡ್ವಾ?" ಅವನು ಇನ್ನೂ ಸೋಲಲೊಲ್ಲ.

"ಮುಂಭಾಗ ನೋಡೋರು ದಾರೀಲಿ ಹೋಗೋರು. ಒಳಗೆ ಮಲಗೋನು ನೀನು."

ಹೆಂಡತಿಯ ನಗು ಅಷ್ಟರಲ್ಲಿ ಆರಿತ್ತು. "ಆ ತಿರುವು ನೆನಪಿದೆ ತಾನೆ?" ಎಂದಳು ಮೆಲ್ಲಗೆ.

ಅವನು ಪಶ್ಚಿಮದ ಗೆರೆಯ ಹತ್ತಿರ ಹೋಗಿ ಚಪ್ಪಲಿಯಿಂದ ಅದನ್ನು ತಿಕ್ಕಿ ಅಳಿಸಿದ. "ಮೇಸ್ತ್ರೀನ ಕರೀತೀನಿ. ಎಲ್ಲಿ ಏನು ಬರಬೇಕೋ ನೀನೇ ಹೇಳು."

ತಂಗಿ ಎದ್ದಳು. "ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸಾಮಾನು ಕೋಣೆ. ಆ ಬಿಸಿಲು ಅವು ತಿನ್ಲಿ. ನಿನ್ನ ಕೋಣೆ ಉತ್ತರಕ್ಕೆ. ಕಿಟಕಿ ಎದುರುಬದುರು ಇರಬೇಕು. ಬಂದ ಗಾಳಿಗೆ ಹೋಗೋಕೂ ದಾರಿ ಬೇಕಲ್ಲ. ಕಿಟಕಿ ಮೇಲೆ ಹೊರಗಡೆಗೆ ಅಗಲವಾಗಿ ಸಜ್ಜ ಚಾಚಲಿ. ಬಿಸಿ ಗಾಳಿ ಮೇಲೇರುತ್ತೆ, ಅದಕ್ಕೆ ಸೂರಿನ ಹತ್ತಿರ ವೆಂಟಿಲೇಟರ್ ಬಿಡಿಸು. ತಾರಸಿಗೆ ಬಿಸಿಲು ತಡೆಯೋ ಬಿಳಿ ಬಣ್ಣ. ಮೂಲೇಲಿರೋ ಆ ಮರಾನ ಮುಟ್ಟಬೇಡ."

"ಎಲೆ ಬಿದ್ದು ಅಂಗಳ ಗಲೀಜಾಗುತ್ತೆ ಅಂತ ಕಡಿಸೋಣ ಅಂತಿದ್ದೆ."

"ನಾನು ಗುಡಿಸ್ತೀನಿ ಬಿಡಿ" ಎಂದಳು ಹೆಂಡತಿ. "ಅಲ್ಲಮ್ಮ, ಕಿಟಕಿ ಹಗಲೆಲ್ಲ ತೆಗೆದಿಡೋದಾ?"

"ನಾವೆಲ್ಲ ಅಲ್ಲೇ ಎಡವೋದು ಅತ್ತಿಗೆ. ಒಣ ಸೆಖೆ ಇದ್ರೆ ಹಗಲು ಮುಚ್ಚಬೇಕು, ಸಂಜೆ ತಂಪಾದ್ಮೇಲೆ ತೆಗೀಬೇಕು. ಮೈ ಬೆವರೋ ಸೆಖೆ ಆದ್ರೆ ಮಾತ್ರ ಹಗಲೂ ಗಾಳಿ ಆಡಲಿ."

ಮರುದಿನ ಪಾಯ ತೋಡಿದ್ದು ಹೊಸ ಗೆರೆಯ ಮೇಲೆ.

ಮುಂದಿನ ಬೇಸಿಗೆ ಹಿಂದಿನದಕ್ಕಿಂತ ಜೋರಾಗಿಯೇ ಬಂತು. ಒಂದು ದಿನ ನಡುಮಧ್ಯಾಹ್ನ ಹೊಸ ಮನೆಯಲ್ಲಿ ಕರೆಂಟು ಹೋಯಿತು, ಫ್ಯಾನು ನಿಂತಿತು. ಗಂಡ ಎದ್ದು ಒದ್ದಾಡುತ್ತಿರಬಹುದೆಂದು ಹೆಂಡತಿ ಬೀಸಣಿಗೆ ಹಿಡಿದು ಓಡಿಬಂದಳು. ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವಳು ಬಾಗಿಲು ಮುಂದೆ ಮಾಡಿ, ಬೀಸಣಿಗೆಯಿಂದ ತನಗೇ ಗಾಳಿ ಹಾಕಿಕೊಳ್ಳುತ್ತಾ ಹೋದಳು.

ಮನೆ ಕಟ್ಟಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಪಾಯ ತೋಡುವ ಮುಂಚೆ ಒಂದು ಮಧ್ಯಾಹ್ನ ನಿಮ್ಮ ಜಾಗಕ್ಕೆ ಹೋಗಿ ನಿಲ್ಲಿ. ಬಿಸಿಲು ಎಲ್ಲಿಂದ ಹೊಡೆಯುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ ನೋಡಿ, ಆಮೇಲೆ ಕೋಣೆಗಳ ಜಾಗ ಗೊತ್ತುಮಾಡಿ. ತಿಳಿದವರನ್ನು ಕೇಳಲು ಸಂಕೋಚ ಬೇಡ. ಮನೆ ಆಗಲೇ ಕಟ್ಟಿಯಾಗಿದೆಯೇ? ಹಾಗೆಂದು ಕೈಚೆಲ್ಲಿ ಕೂರಬೇಡಿ. ತಾರಸಿಗೆ ಬಿಳಿ ಬಣ್ಣ ಬಳಿಯಿರಿ, ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಚಾಪೆಯನ್ನಾದರೂ ಇಳಿಬಿಡಿ, ಆ ಬದಿಗೆ ಒಂದು ಗಿಡ ನೆಡಿ. ನಿಮ್ಮ ಮನೆಯಲ್ಲೂ ದುಡಿದು ಬಂದು ಒರಗುವ ಜೀವಗಳಿವೆ. ಅವರಿಗೆ ತಂಪಾದ ನಾಲ್ಕು ಗೋಡೆ ಸಿಗಲಿ. ಈ ಬೇಸಿಗೆಗೇ ಸಿಗಲಿ.