ರಾಜಿ ಅರ್ಜಿಯ ಕೊನೆಯ ಸಾಲು

ಪಿರಿಯಾಪಟ್ಟಣದ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಶಿವಶಂಕರ್ ಸಾರ್ ಆಫೀಸು. ಕರಿ ಕೋಟು ಹಾಕಿಕೊಂಡ ಮೊದಲ ವರ್ಷ ನಾನಲ್ಲಿ ಕಲಿತದ್ದು ಕಾನೂನನ್ನಲ್ಲ. ಫೈಲು ಹೊರುವುದು, ಜಡ್ಜ್ ಎದುರು ನಿಂತು ವಾಯಿದೆ ಕೇಳುವುದು. ಸಾಕ್ಷಿ ಹೇಳಲು ಬಂದವರಿಗೆ, ಕೇಳಿದಷ್ಟಕ್ಕೇ ಉತ್ತರ ಕೊಡಿ, ಹೆಚ್ಚು ಮಾತಾಡಬೇಡಿ ಎಂದು ಕಲಿಸುವುದು. ಬಂದವರ ಗೋಳು ಕೇಳುವುದಕ್ಕೆ ಸಾರ್ ಒಂದು ಸೂತ್ರವನ್ನೂ ಕೊಟ್ಟಿದ್ದರು. "ಕೋರ್ಟಿಗೆ ಬೇಕಾದ್ದಷ್ಟೇ ಬರ್ಕೊ ಗೌತಮಿ, ಉಳಿದದ್ದನ್ನ ಕಾಫಿ ಜೊತೆ ಕುಡಿದುಬಿಡು."

ರುಕ್ಮಿಣಮ್ಮನ ವಿಷಯದಲ್ಲಿ ನನ್ನಿಂದ ಅದು ಆಗಲಿಲ್ಲ.

ರುಕ್ಮಿಣಮ್ಮನನ್ನು ಕೊಟ್ಟದ್ದು ಬಿಳಿಕೆರೆ ಕಡೆಗೆ, ತವರು ಬೆಟ್ಟದಪುರ. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲು ಬೇರೆ ದಾರಿ ಕಾಣದೆ, ಅಪ್ಪನ ಜಮೀನಿನಲ್ಲಿ ತಮಗೆ ಬರಬೇಕಾದ ಭಾಗ ಕೇಳಿ ಒಡಹುಟ್ಟಿದ ತಮ್ಮ ಚಿಕ್ಕಣ್ಣನ ಮೇಲೆ ದಾವೆ ಹಾಕಿದ್ದರು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವರೇ. ಪ್ರತಿ ವಾಯಿದೆಗೂ ಬಂದು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಸರ್ವೆ ನಂಬರು ಕೇಳಿದರೆ ಬಾಗಿನದ ಕಥೆ ಶುರುವಾಗುತ್ತಿತ್ತು. ಗೌರಿ ಹಬ್ಬಕ್ಕೆ ಚಿಕ್ಕಣ್ಣ ಮೊದಲು ಸೈಕಲ್ಲಿನಲ್ಲಿ, ಆಮೇಲೆ ಬೈಕಿನಲ್ಲಿ, ಮೊರ ಬಳೆ ರವಿಕೆ ಕಣ ತಂದು ಅಕ್ಕನ ಕೈಗೆ ಕೊಟ್ಟು ಹೋಗುತ್ತಿದ್ದನಂತೆ. ಭಾವ ತೀರಿಕೊಂಡ ಮೇಲೂ ತವರಿನ ಬಾಗಿನ ತಪ್ಪಿಸಿರಲಿಲ್ಲವಂತೆ. ದಾವೆ ಹಾಕಿದ ವರ್ಷದಿಂದ ಅದು ನಿಂತಿತ್ತು. ಎಕರೆಗಟ್ಟಲೆ ಹಕ್ಕಿನ ಮಾತು ಬಿಟ್ಟು ಒಂದು ಮೊರಕ್ಕೆ ಅಳುತ್ತಾರಲ್ಲ ಎಂದು ನನಗೆ ರೇಗುತ್ತಿತ್ತು. ನಮ್ಮ ಮನೆಯಲ್ಲಿ ಹಂಚಿಕೊಳ್ಳಲು ಗೇಣು ಭೂಮಿಯೂ ಇಲ್ಲ, ಹಾಗಾಗಿ ಜಗಳವೂ ಇಲ್ಲ. ನಮ್ಮಣ್ಣ ಹಬ್ಬಕ್ಕೆ ಮರೆಯದೆ ಬಳೆ ತರುತ್ತಾನೆ.

ಕೊನೆಗೆ ಚಿಕ್ಕಣ್ಣ ರಾಜಿಗೆ ಒಪ್ಪಿದ. ಕಾಲುವೆ ಪಕ್ಕದ ಒಂದು ಎಕರೆ ಅಕ್ಕನಿಗೆ. ಅರ್ಜಿ ಬರೆಯುವ ಕೆಲಸವನ್ನು ಸಾರ್ ಮೊದಲ ಸಲ ನನಗೆ ಕೊಟ್ಟರು, ಹಿಗ್ಗಿ ಹೀರೇಕಾಯಿಯಾದೆ. ಓದಿ ಹೇಳಿದಾಗ ರುಕ್ಮಿಣಮ್ಮ ಎಲ್ಲಕ್ಕೂ ತಲೆಯಾಡಿಸಿ, ವರ್ಷಾವರ್ಷ ಗೌರಿ ಹಬ್ಬಕ್ಕೆ ಚಿಕ್ಕಣ್ಣ ಬಾಗಿನ ಕೊಡಬೇಕು ಅಂತಲೂ ಒಂದು ಸಾಲು ಸೇರಿಸು ಎಂದರು. ಅದೆಲ್ಲ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದೆ. ಜಮೀನು ಕೊಡಿಸುವ ಕೋರ್ಟಿಗೆ ಒಂದು ಡಜನ್ ಬಳೆ ಕೊಡಿಸಲು ಆಗುವುದಿಲ್ಲವೇ ಎಂದು ಕೇಳಿದರು. ನಾನು ಸಾರ್ ಕಡೆ ನೋಡಿದೆ. ಸಾರ್ ನಕ್ಕು, ಬರಿ, ಅವನು ಒಪ್ಪಿದರೆ ನಮ್ಮಪ್ಪನ ಮನೆ ಗಂಟೇನು ಹೋಗುತ್ತೆ ಎಂದರು.

ಚಿಕ್ಕಣ್ಣ ತನ್ನ ವಕೀಲರ ಜೊತೆ ನಮ್ಮ ಆಫೀಸಿಗೇ ಬಂದ. ಜಮೀನಿನ ವಿವರ ಓದುವಾಗ ಹೂಂಗುಟ್ಟುತ್ತಿದ್ದವನು, ಕೊನೆಯ ಸಾಲಿಗೆ ತಲೆಯೆತ್ತಿ ಅಕ್ಕನ ಕಡೆ ನೋಡಿದ. ಸಂತೆಯಲ್ಲಿ ಮರ್ಯಾದೆ ಕಳೆದುಕೊಂಡವರ ಹಾಗೆ ಅವನ ಮುಖ ಕಪ್ಪಿಟ್ಟಿತು.

"ಜಮೀನು ತಕ್ಕಳ್ಲಿ ಸಾರ್. ಇದ ಹೊಡ್ದಾಕ್ಸಿ," ಎಂದ. "ಕೋರ್ಟು ಯೋಳ್ತು ಅಂತ ಕೊಟ್ರೆ ಅದು ಬಾಗಿನ ಆಯ್ತದಾ? ಜುಲ್ಮಾನೆ ಆಯ್ತದೆ."

ರುಕ್ಮಿಣಮ್ಮನೇ ನನ್ನ ಕಡೆ ತಿರುಗಿದರು. "ಅವ್ನು ಯೋಳೋದು ದಿಟ ಕಣವ್ವ. ಹೊಡ್ದಾಕು."

ಗೆರೆ ಎಳೆದೆ. ರುಜು ಹಾಕಿ ಮೆಟ್ಟಿಲಿಳಿದ ಚಿಕ್ಕಣ್ಣ ಅಕ್ಕನಿಗಾಗಿ ಕಾಯಲಿಲ್ಲ. ಸಿಟ್ಟು ಇಳಿದ ಮೇಲೆ ತಾನಾಗೇ ತರುತ್ತಾನೆ ಎಂದು ಸಾರ್ ಸಮಾಧಾನ ಹೇಳಿದರು. ನಾನು ನಂಬಿದೆ. ರುಕ್ಮಿಣಮ್ಮ ನನಗಿಂತ ಹೆಚ್ಚು ನಂಬಿದರು.

ಗಣೇಶನಿಗೆ ಕೋರ್ಟು ರಜಾ, ಗೌರಿಗೆ ಇಲ್ಲ. ಹೆಂಗಸರ ಹಬ್ಬಕ್ಕೆ ಯಾರು ರಜಾ ಕೊಡುತ್ತಾರೆ? ನಾನು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೆ ರುಕ್ಮಿಣಮ್ಮ ರೇಷ್ಮೆ ಸೀರೆಯುಟ್ಟು, ಹೂ ಮುಡಿಯದ ತಲೆಗೆ ಸೆರಗು ಹೊದ್ದು, ಮೆಟ್ಟಿಲ ಮೇಲೆ ಕೂತಿದ್ದರು. ಡಿಕ್ರಿ ಕಾಪಿಗೆ ಬಂದಿರಬೇಕೆಂದು ಫೈಲು ಹುಡುಕಲು ಹೋದೆ. ನನ್ನ ಹಿಂದೆಯೇ ಬಂದು ಬೆಂಚಿನಲ್ಲಿ ಕೂತು, ಬೇಡ ಎಂದರು.

"ಬಾಗಿನ ಬಂತಾ ಬಂತಾ ಅಂತ ಅಕ್ಕಪಕ್ಕದೋರು ಕೇಳ್ತರೆ ಕಣವ್ವ. ತಮ್ಮ ಕರ್ದವ್ನೆ, ಬೆಟ್ಟದಪುರಕ್ಕೆ ಓಯ್ತೀನಿ ಅಂದ್ಬುಟ್ಟು ಬಸ್ ಅತ್ತಿವ್ನಿ. ಇಲ್ಲಿಗಂಟ ಬಂದೆ. ಮುಂದಿನ ಬಸ್ ಅತ್ತಕೆ ಕಾಲೇ ಬರ್ನಿಲ್ಲ. ಸಂಜೆಗಂಟ ಇಲ್ಲೇ ಕೂತಿರ್ಲಾ?"

ಪಕ್ಕದ ಚೀಲದಲ್ಲಿ ಮೊರ, ಬಳೆ, ರವಿಕೆ ಕಣ. ದಾರಿಯಲ್ಲಿ ಹುಣಸೂರಿನಲ್ಲಿ ಇಳಿದು ತಾವೇ ಕೊಂಡಿದ್ದರು, ತವರಿನದು ಎಂದು ತೋರಿಸಲು. ಹೊಸ ಬಳೆ ತೊಟ್ಟ ಕೈಯನ್ನು ಮೇಜಿನ ಕೆಳಗೆ ಇಳಿಬಿಟ್ಟೆ. ಅಷ್ಟರಲ್ಲಿ ನೋಡಿಬಿಟ್ಟಿದ್ದರು. ಅಣ್ಣ ಕೊಟ್ಟನಾ ಎಂದು ಕೇಳಿ, ಚೆನ್ನಾಗವೆ ಎಂದರು. ನನಗೆ ಎದ್ದು ಒಳಕೋಣೆಗೆ ಹೋಗಿ ಅಳಬೇಕೆನಿಸಿತು, ಆದರೆ ಆಗಲೇ ಸಾರ್ ಬಂದು ಅಲ್ಲಿ ಕೂತಿದ್ದರು.

ದಿನವಿಡೀ ಮೆಟ್ಟಿಲ ಮೇಲೆ ಗಂಡಸರ ಚಪ್ಪಲಿಯ ಸದ್ದಾದಾಗೆಲ್ಲ ಅವರು ಬಾಗಿಲ ಕಡೆ ತಿರುಗುತ್ತಿದ್ದರು. ಬಂದವರು ಬೇರೆ ಯಾರೋ ಆಗಿರುತ್ತಿದ್ದರು.

ಸಂಜೆ ಚೀಲ ಎತ್ತಿಕೊಂಡವರು ಬಾಗಿಲಲ್ಲಿ ನಿಂತರು. "ಹಬ್ಬಕ್ಕೆ ತಮ್ಮ ಏನ್ ಊಟ ಹಾಕ್ಸ್ದ ಅಂತ ಕೇಳ್ತರೆ. ಏನನ್ಲವ್ವ?"

"ಒಬ್ಬಟ್ಟು ಅನ್ನಿ," ಎಂದೆ. "ಕೇಳಿದಷ್ಟಕ್ಕೇ ಉತ್ತರ ಕೊಡಿ. ಹೆಚ್ಚು ಮಾತಾಡಬೇಡಿ."

ಒಬ್ಬಟ್ಟು, ಒಬ್ಬಟ್ಟು ಎಂದು ಬಾಯಿಪಾಠ ಮಾಡಿಕೊಳ್ಳುತ್ತ ಅವರು ಮೆಟ್ಟಿಲಿಳಿದರು.