ರಾಗಿ ತುಂಬಿದ ಪೆಟ್ರೋಲ್ ಪೈಪು

ಜುಂಜಣ್ಣನದು ಕೂತಲ್ಲಿ ಕೂರುವ ಜಾಯಮಾನವಲ್ಲ. ಹಿರಿಯೂರು ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ನಿಲ್ಲಿಸುತ್ತಿದ್ದ ಅವನ ಹಳೇ ಲ್ಯಾಂಡ್‌ಮಾಸ್ಟರ್ ಕಾರಿಗೂ ಯಜಮಾನನ ಬುದ್ಧಿಯೇ ಬಂದಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಅಂತ ಈಗಾಗಲೇ ಎರಡು ಮನೆಯವರು ಹೆಣ್ಣು ಕೊಡಲು ಹಿಂದೇಟು ಹಾಕಿದ್ದರು. ಈ ಸಲವೂ ತಪ್ಪಿದರೆ ಇನ್ನು ನಾನು ಯಾರ ಬಾಗಿಲಿಗೂ ಬರುವುದಿಲ್ಲ ಎಂದು ತಾಯಿ ಕೆಂಚಕ್ಕ ಕಾರು ಹತ್ತುವಾಗಲೇ ಹೇಳಿದ್ದಳು. 

ಜವನಗೊಂಡನಹಳ್ಳಿ ದಾಟಿ, ಹೆಣ್ಣಿನ ಅಪ್ಪ ಎತ್ತಪ್ಪನ ಮನೆ ಇನ್ನೇನು ಕೂಗಳತೆಯಲ್ಲಿದೆ ಅನ್ನುವಾಗ ಕಾರು ಕೆಮ್ಮಿ ನಿಂತಿತು. ಇಂಜಿನ್ನಿಗೆ ಪೆಟ್ರೋಲು ತರುವ ತಾಮ್ರದ ಪೈಪು ಸವೆದು ಸೀಳು ಬಿಟ್ಟಿತ್ತು. ಡಿಕ್ಕಿಯಲ್ಲಿ ಸುರುಳಿ ಸುತ್ತಿದ ಹೊಸ ಪೈಪೇನೋ ಇತ್ತು, ಎರಡು ತುಂಡಿಗಾಗುವಷ್ಟು. ಅದನ್ನು ಮೊದಲು ನೆಟ್ಟಗೆ ಮಾಡಬೇಕು, ಆಮೇಲೆ ಹಳೆಯದರ ಹಾಗೇ ಬಗ್ಗಿಸಬೇಕು.

"ರಾಹುಕಾಲ ಬರೋದ್ರೊಳಗೆ ಹೆಣ್ಣು ನೋಡ್ಬೇಕು ಕಣೋ. ನಡ್ಕಂಡೇ ಹೋಗಾಣ ಬಾ," ಎಂದಳು ಕೆಂಚಕ್ಕ.

"ಕಾರಿನೋನು ಕಾಲ್ನಡಿಗೇಲಿ ಬಂದ ಅಂತ ನಗ್ಲಿ ಅಂತೀಯ? ಬಾಯಿ ಮುಚ್ಕಂಡು ಕುಂತ್ಕ!"

ಚಪ್ಪಡಿ ಕಲ್ಲಿನ ಮೇಲೆ ಪೈಪನ್ನು ಹಲಗೆಯಿಂದ ಒತ್ತಿ ದಡಬಡ ಉರುಳಿಸಿದ. ಅರ್ಧಂಬರ್ಧ ನೆಟ್ಟಗಾಗುತ್ತಲೇ ಮೊಣಕಾಲಿಗೆ ಕೊಟ್ಟು ಬಗ್ಗಿಸಿದ. ತಿರುವಿನಲ್ಲಿ ಪೈಪು ಚಪ್ಪಟೆಯಾಯಿತು. ಕೆಟ್ಟ ಮಾತಾಡಿ ಅದನ್ನು ಬೀಸಿ ಎಸೆದ. ಜಾಲಿ ಮರದಡಿ ಬಿಂದಿಗೆ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಪಕ್ಕಕ್ಕೆ ಸರಿದು ತಪ್ಪಿಸಿಕೊಂಡಳು.

"ನೋಡ್ಕಂಡು ಎಸೀರಿ," ಎಂದಳು.

"ನೀನ್ಯಾರಮ್ಮ?"

"ಎತ್ತಪ್ಪನ ಮಗಳು, ಯಲ್ಲಕ್ಕ."

ನೋಡಲು ಹೊರಟಿದ್ದ ಹೆಣ್ಣೇ ಜುಂಜಣ್ಣನ ಎದುರಿಗೆ ನಿಂತಿದ್ದಳು. ಅವಳು ಅವನ ಮುಖ ಬಿಟ್ಟು ಬಿದ್ದಿದ್ದ ಪೈಪನ್ನೇ ನೋಡುತ್ತಿದ್ದಳು. ಏನಾದರೂ ಹೇಳಲೇಬೇಕಲ್ಲ ಅಂತ ತಡವರಿಸಿದ: "ಒಳಗೆ ಮರಳು ತುಂಬಿ ಬಗ್ಗಿಸಿದ್ರೆ ಚಪ್ಪಟೆ ಆಗಲ್ಲ. ಇಲ್ಲಿ ನೋಡಿದ್ರೆ ಬರೀ ಎರೆಮಣ್ಣು."

"ರಾಗಿ ಆಗಲ್ವಾ? ಅದೂ ಉಂಡಗೇ ಐತೆ."

ಮನೆಗೆ ಹೋಗಿ ಮೊರದಲ್ಲಿ ರಾಗಿ ತಂದಳು, ಜೊತೆಗೊಂದು ಒನಕೆ. ಬಗ್ಗಿಸುವ ಮೊದಲು ತಾಮ್ರವನ್ನು ಕಾಯಿಸಿ ಮೆತ್ತಗೆ ಮಾಡಬೇಕಿತ್ತು; ರಾಗಿ ತುಂಬಿಯೇ ಒಲೆಗಿಟ್ಟರೆ ಎರಡೂ ಕೆಲಸ ಒಟ್ಟಿಗೇ ಮುಗಿಯುತ್ತದೆ ಎಂದ ಜುಂಜಣ್ಣ. ಯಲ್ಲಕ್ಕನಿಗೆ ನಗು ತಡೆಯಲಾಗಲಿಲ್ಲ.

"ಅರಳಾಗಿ ಒಳಗೇ ಕಚ್ಕಂತದೆ. ಮೊದ್ಲು ಕಾಯಿಸ್ರಿ, ಆರ್ಲಿ, ಆಮೇಲೆ ತುಂಬ್ರಿ."

ಇನ್ನೊಂದು ತುಂಡನ್ನು ನೆಟ್ಟಗೆ ಮಾಡಿ, ಕಾರಿನಿಂದ ದೂರ ಮೂರು ಕಲ್ಲಿನ ಒಲೆ ಹೂಡಿ ಕಾಯಿಸಿದ್ದಾಯಿತು. ಇನ್ನು ಆರುವ ತನಕ ಕಾಯಬೇಕು! ಜುಂಜಣ್ಣ ಕೂತ, ಎದ್ದ, ಕಾರನ್ನು ಸುತ್ತಿದ, ಪೈಪು ಮುಟ್ಟಿ ಬೆರಳು ಸುಟ್ಟುಕೊಂಡ. "ಬಂತು ರಾಹುಕಾಲ, ಇವತ್ತಿನ ಕೆಲಸ ಕೆಟ್ಟಂಗೆ," ಎಂದು ಕೆಂಚಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನಿಗೆ ಅಳುವೇ ಬಂತು. ಈ ಸಲ ಬೈಯಲು ಬಾಯಿ ಏಳಲಿಲ್ಲ. ಉಳಿದಿದ್ದು ಒಂದೇ ತುಂಡು. ಎರಡೂ ತುದಿಗೆ ಬಟ್ಟೆ ತುರುಕಿ, ರಾಗಿ ತುಂಬಿದ ಪೈಪನ್ನು ಒನಕೆಗೆ ಒತ್ತಿ, ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿ ನೋಡಿ, ಇಷ್ಟಿಷ್ಟೇ ಬಗ್ಗಿಸಿದ. ಎಲ್ಲೂ ಚಪ್ಪಟೆಯಾಗಲಿಲ್ಲ. ಊದಿದಾಗ ರಾಗಿ ಸುರುಸುರು ಸುರಿಯಿತು.

ಹಳೇ ನಟ್ಟು ಪೋಣಿಸಿ, ತುದಿ ಅಗಲಿಸಿ, ಕಾರಿನ ಕೆಳಗೆ ಮಲಗಿ ಪೈಪು ಕೂರಿಸುತ್ತಿದ್ದಾಗ ಎರಡು ಜೊತೆ ಕಾಲುಗಳು ಪಕ್ಕಕ್ಕೆ ಬಂದು ನಿಂತವು. ತಾಯಿಯ ದನಿ ಕೇಳಿಸಿತು: "ಒಳ್ಳೆ ದಿನ ನೋಡಿ ಇನ್ನೊಂದ್ಸಲ ಬರ್ತೀವಮ್ಮ. ಇವತ್ತು ಹೆಣ್ಣು ನೋಡೋದು ಆಗ್ಲಿಲ್ಲ."

"ನಾನು ಗಂಡು ನೋಡಿದ್ದಾಯ್ತಲ್ಲಮ್ಮ," ಎಂದಳು ಯಲ್ಲಕ್ಕ. "ಮೊದ್ಲನೇ ಪೈಪು ಬಗ್ಗಿಸಿದೋನು ಬ್ಯಾಡ. ಎರಡ್ನೇದು ಬಗ್ಗಿಸಿದೋನಾದ್ರೆ ಆಗ್ಬೋದು. ನಿಮ್ಮ ಮಗ ಯಾರು, ನೀವೇ ಹೇಳ್ರಿ."

ಜುಂಜಣ್ಣನ ಕೈ ನಿಂತುಹೋಯಿತು. ಎರಡನೆಯವನು ಅಂದುಬಿಟ್ಟರೆ ಮದುವೆ ಆಗಿಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇಬ್ರೂ ನಾನೇ ಕಣಮ್ಮ," ಎಂದ ಕೆಳಗಿನಿಂದ.

ಯಲ್ಲಕ್ಕ ಬಗ್ಗಿ, ಎಣ್ಣೆ ಮೆತ್ತಿದ ಅವನ ಮುಖವನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದಳು.

"ನಿಧಾನಕ್ಕೆ ಬಿಗಿ ಮಾಡಿ ಬರ್ರಿ," ಎಂದಳು. "ಅಪ್ಪಂಗೆ ಎಲೆ ಅಡಿಕೆ ತೆಗೆದಿಡು ಅಂತ ಹೇಳ್ತೀನಿ."