ಮಾತಿಲ್ಲದ ಲೈನು

ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಮುಂದೆ ನಿಂತರೆ ಹಣೆಯ ಬೆವರು ಗಲ್ಲಕ್ಕಿಳಿಯುವ ಮೊದಲೇ ಒಣಗುತ್ತದೆ. ಆಸ್ಪತ್ರೆಯ, ವಸತಿಗೃಹದ ಹಾಸುಗಳು ಒದ್ದೆಮುದ್ದೆಯಾಗಿ ಬಂದು ಬೀಳುತ್ತವೆ. ಒಬ್ಬಳು ತುದಿ ಹಿಡಿದು ಉರುಳೆಗೆ ಕೊಡಬೇಕು, ಇನ್ನೊಬ್ಬಳು ಆಚೆ ಕಡೆ ಎಳೆದುಕೊಳ್ಳಬೇಕು. ಕೊಡುವವಳು ಸುಮ್ಮಕ್ಕ. ಅದು ಹೆತ್ತವರು ಇಟ್ಟ ಹೆಸರಲ್ಲ. ಕೆಲಸದ ಹೊತ್ತಿನಲ್ಲಿ ತುಟಿ ಪಿಟಕ್ಕೆನ್ನದವಳೆಂದು ಜೊತೆಯವರು ಇಟ್ಟದ್ದು.

ಅವಳು ಸುಮ್ಮನಿರುತ್ತಿದ್ದದ್ದು ಕಿವಿಗೆ ಕೆಲಸವಿದ್ದುದರಿಂದ. ಎಡಗಿವಿಯಲ್ಲಿ ಫೋನಿನ ತಂತಿ. ಲೈನಿನ ಇನ್ನೊಂದು ತುದಿಯ ಫೋನು ಮನೆಯಲ್ಲಿ, ಲಕ್ವ ಹೊಡೆದು ಮಲಗಿದ ಅಮ್ಮನ ತಲೆಯ ಬಳಿ. ಅಮ್ಮನಿಗೆ ಮಾತು ನಿಂತಿತ್ತು, ಬಲಗೈ ಆಡುತ್ತಿತ್ತು. ಚಮಚದಿಂದ ಮಂಚದ ಸರಳಿಗೆ ಒಮ್ಮೆ ಬಡಿದರೆ ನೀರು ಬೇಕು. ಬಿಡದೆ ಬಡಿದರೆ ಓಡಿ ಬಾ. ಮನೆ ಎರಡು ಬೀದಿಯಾಚೆ. ಸುಮ್ಮಕ್ಕ ಓಡುತ್ತಿದ್ದಳು. ಅವಳ ಪಾಲಿನ ಹಾಸನ್ನು ಜೊತೆಯವಳು ನೋಡಿಕೊಳ್ಳುತ್ತಿದ್ದಳು.

ಬೀದಿ ತಿರುವಿನಲ್ಲಿ ಇಂಟರ್ನೆಟ್ ಫೋನಿನ ಕಂಪನಿಯ ಅಂಗಡಿ. 'ಮಿತಿಯೇ ಇಲ್ಲ, ಎಷ್ಟು ಬೇಕಾದರೂ ಮಾತಾಡಿ' ಎಂದು ಬೋರ್ಡು. ಬೆಳಗಿನಿಂದ ಸಂಜೆಯವರೆಗೆ ಲೈನು ಹಿಡಿದರೂ ನಡೆಯುತ್ತದೆಯೇ ಎಂದು ಅವಳು ಮೊದಲೇ ಕೇಳಿದ್ದಳು. ಬೇಕಾದರೆ ಲೈನಿನಲ್ಲೇ ಸಂಸಾರ ಮಾಡಿ ಎಂದು ಅಂಗಡಿಯವನು ನಕ್ಕಿದ್ದ. ಅವಳು ಕಿವಿಯೋಲೆ ಮಾರಿ ವರ್ಷದ ಹಣವನ್ನು ಒಟ್ಟಿಗೇ ಕಟ್ಟಿದ್ದಳು.

ಒಂದು ಮಂಗಳವಾರ ಲೈನಿನಲ್ಲಿ ಸದ್ದೇ ಇರಲಿಲ್ಲ. ಅಮ್ಮನಿಗೆ ನಿದ್ದೆ ಹತ್ತಿದೆ, ಪುಣ್ಯ ಎಂದುಕೊಂಡಳು. ನಿದ್ದೆಯ ಮೌನ ಯಾವುದು, ಸತ್ತ ಲೈನಿನ ಮೌನ ಯಾವುದು, ಕಿವಿಗೆ ಹೇಗೆ ತಿಳಿಯಬೇಕು? ಸಂಜೆ ಬಾಗಿಲು ತೆಗೆದರೆ ಅಮ್ಮ ಮಂಚ ಮತ್ತು ಗೋಡೆಯ ಸಂದಿಯಲ್ಲಿ ಬಿದ್ದಿದ್ದಳು. ಉಸಿರಾಡುತ್ತಿದ್ದಳು, ಚಮಚ ಕೈಯಲ್ಲೇ ಇತ್ತು. ಬಡಿದು ಬಡಿದು ಅದರ ಹಿಡಿ ಬಾಗಿಹೋಗಿತ್ತು.

ಆ ಫೋನಿನಿಂದ ಈಗ ಕರೆ ಹೋಗುತ್ತಿದ್ದದ್ದು ಒಂದೇ ನಂಬರಿಗೆ, ಕಂಪನಿಯ ಸಹಾಯವಾಣಿಗೆ. ಬಹಳ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗಿ ಸಿಕ್ಕಳು. ಬಳಕೆ ಅಸಹಜವಾಗಿತ್ತಂತೆ, ಅದಕ್ಕೆ ಖಾತೆ ಮುಚ್ಚಿದರಂತೆ. ಮಿತಿಯಿಲ್ಲದ್ದು ಮಾತಿಗೆ ಮಾತ್ರವಂತೆ, ಈ ಲೈನಿನಲ್ಲಿ ಮಾತೇ ಇಲ್ಲವಂತೆ. ಉಳಿದ ತಿಂಗಳುಗಳ ಹಣ? ಅದನ್ನು ಆಗಲೇ ಅವಳ ಖಾತೆಗೆ ವಾಪಸು ಹಾಕಿದ್ದಾರಂತೆ.

"ಯಾವ ಖಾತೆ?"

"ಇದೇ ಖಾತೆ ಮೇಡಂ."

"ಮುಚ್ಚಿದ್ದೀವಿ ಅಂದ್ಯಲ್ಲಮ್ಮ."

"ಹೊಸ ಪ್ಲಾನ್ ತಗೊಂಡ್ರೆ ತೆರೆಯುತ್ತೆ."

"ಮಾತಿಲ್ಲ ಅಂತ ಹೇಗೆ ಗೊತ್ತಾಯ್ತು? ಕೇಳಿಸ್ಕೊಳ್ತಾ ಇದ್ರಾ?"

"ಮೆಷಿನ್ ನೋಡುತ್ತೆ ಮೇಡಂ."

"ಹಾಗಾದ್ರೆ ನಮ್ಮಮ್ಮ ಬಡಿಯೋದು ಅದಕ್ಕೆ ಕೇಳಿಸ್ಲಿಲ್ವಾ?"

ಸುಮ್ಮಕ್ಕನ ಮಾತು ಅಲ್ಲಿಗೆ ಮುಗಿದಿತ್ತು. ಆದರೂ ಹುಡುಗಿ ಲೈನು ಕಡಿಯಲಿಲ್ಲ.

"ಇಡಮ್ಮ, ಇನ್ನೇನಿದೆ."

"ನೀವೇ ಇಡಿ ಅಕ್ಕ." ಹುಡುಗಿ ದನಿ ತಗ್ಗಿಸಿದಳು. "ನಾವು ಮೊದಲು ಇಡೋ ಹಾಗಿಲ್ಲ. ಇಟ್ರೆ ಸಂಬಳ ಹಿಡೀತಾರೆ."

"ಇಡದೇ ಇದ್ರೆ?"

"ಏನೂ ಇಲ್ಲ. ಎಷ್ಟು ಹೊತ್ತಾದ್ರೂ ಲೈನ್ ಹಾಗೇ ಇರುತ್ತೆ."

ಮರುದಿನ ಸುಮ್ಮಕ್ಕ ಅಮ್ಮನನ್ನು ಕೈಗಾಡಿಯಲ್ಲಿ ಕೆಲಸದ ಜಾಗಕ್ಕೇ ತಂದು, ಹಾಸು ತುಂಬುವ ಗಾಲಿಪೆಟ್ಟಿಗೆಯಲ್ಲಿ ಮಲಗಿಸಿದಳು. ಇದೇನು ಧರ್ಮಾಸ್ಪತ್ರೆಯಾ ಎಂದು ಮೇಸ್ತ್ರಿ ಕೂಗಾಡಿದ. ಹೆಂಗಸರೆಲ್ಲ ಉರುಳೆಗೆ ಬೆನ್ನು ತಿರುಗಿಸಿ ನಿಂತರು. ಇವತ್ತೊಂದು ದಿನ ಎಂದು ಗೊಣಗಿ ಅವನು ಹೊರಟುಹೋದ.

ಸುಮ್ಮಕ್ಕ ಎಲ್ಲವನ್ನೂ, ಸಹಾಯವಾಣಿಯ ಹುಡುಗಿಯರು ಮೊದಲು ಫೋನು ಇಡುವ ಹಾಗಿಲ್ಲ ಎಂಬುದನ್ನೂ ಹೇಳಿದಳು. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಮಾತಾಡದ ಲೈನು ಕಡೀತಾರಂತಾ?" ಎಂದಳು ಬಟ್ಟೆ ಮಡಿಸುವ ಅಜ್ಜಿ. "ನನ್ನ ಗಂಡ ಮದುವೆಯಾದಾಗಿಂದ ಮಾತಾಡಿಲ್ಲ. ಮೊದಲು ಅವನದ್ದು ಕಡೀಬೇಕಿತ್ತು."

ನಕ್ಕರು. ನಗು ಬೇಗ ನಿಂತಿತು. ಅಲ್ಲಿ ಬಹಳ ಜನರದು ಅದೇ ಕಂಪನಿಯ ಫೋನು. ಒಬ್ಬಳದು ಹಿಂದೆಯೇ ಮುಚ್ಚಿಹೋಗಿತ್ತು. ತಪ್ಪು ತನ್ನದೇ ಇರಬೇಕೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ಊಟದ ಬಿಡುವಿನಲ್ಲಿ ಎಲ್ಲರೂ ಸಹಾಯವಾಣಿಗೆ ಕರೆ ಮಾಡಿದರು. ಸಂಗೀತ ಮುಗಿದು ಹಲೋ ಬಂದಂತೆ ಒಂದೊಂದೇ ಫೋನನ್ನು ಗಾಲಿಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟು ಕೆಲಸಕ್ಕೆ ಹೋದರು. ಒಬ್ಬಳೂ ಮಾತಾಡಲಿಲ್ಲ. ಹಬೆ ಬುಸುಗುಟ್ಟುತ್ತಿತ್ತು. ಮೇಜಿನ ತುಂಬ ಹಲೋ, ಹಲೋ. ಒಂದು ಫೋನಿನಿಂದ ಮಾತ್ರ ಹಿಂದಿನ ದಿನದ ಹುಡುಗಿಯ ತಗ್ಗಿದ ದನಿ ಬಂತು.

"ಇಡಬೇಡಿ ಅಕ್ಕ."

ಆಮೇಲೆ ಅದೇ ಫೋನಿನಿಂದ ಗಂಡಸಿನ ದನಿ. ತಾನು ಮೇಲಧಿಕಾರಿ, ಬೇರೆ ಗ್ರಾಹಕರಿಗೆ ಲೈನು ಸಿಗುತ್ತಿಲ್ಲ, ಹೇಳುವುದಿದ್ದರೆ ಹೇಳಿ ಎಂದ. ಹೆಂಗಸರು ಉರುಳೆಗೆ ಹಾಸು ಕೊಡುತ್ತಲೇ ಇದ್ದರು. ಅವನು ಇನ್ನೊಂದು ಫೋನಿನ ಕರೆ ಕಡಿಸಿದ. ಅಜ್ಜಿ ಅದೇ ನಂಬರನ್ನು ಮತ್ತೆ ಒತ್ತಿ, ಸಂಗೀತ ಕೇಳುತ್ತ ಮಡಿಸತೊಡಗಿದಳು.

ಪೆಟ್ಟಿಗೆಯ ಕಂಬಿಗೆ ಚಮಚ ಬಡಿಯಿತು.

"ಏನ್ರೀ ಅದು? ಮಾತಾಡಿ ಅಂದ್ರೆ ಏನೋ ಬಡೀತಿದ್ದೀರಲ್ಲ" ಎಂದ ಮೇಲಧಿಕಾರಿ.

ಸುಮ್ಮಕ್ಕ ಫೋನಿನ ಕಡೆ ಬಗ್ಗಿದಳು. "ನಮ್ಮಮ್ಮ ನೀರು ಕೇಳ್ತಿದ್ದಾಳೆ ಸ್ವಾಮಿ. ನಮ್ಮ ಲೈನಿನಲ್ಲಿದ್ದ ಮಾತು ಇದೇ. ಕೇಳಿಸ್ಕೊಳ್ತಾ ಇರಿ, ಬಂದೆ."

ಅವಳು ನೀರು ತಂದು ಕುಡಿಸಿದಳು. ಅಮ್ಮ ಕುಡಿದಳು. ಕುಡಿದಾದ ಮೇಲೆ, ಆ ಫೋನುಗಳ ಸಾಲನ್ನೇ ನೋಡುತ್ತ, ಬಾಗಿದ ಚಮಚವನ್ನು ಮತ್ತೆ ಎತ್ತಿ ಬಿಡದೆ ಬಡಿಯತೊಡಗಿದಳು.